ಬ್ಯಾಡಗಿಯಲ್ಲಿ ಕೆಮ್ಮನ್ನು ನಿಷೇಧಿಸಿದವರಿಗೆ

‘ಸುರಕ್ಷಿತ ಪುನರಾರಂಭ’ದ ಮಾರ್ಗಸೂಚಿಗೆ ಸಹಿ ಹಾಕಿದ ಉಸ್ತುವಾರಿ ಅಧಿಕಾರಿಗಳೇ,

ಮಾನ್ಯರೇ ಎಂದು ಕರೆಯಬೇಕಂತೆ. ಕರೆದಿದ್ದೇನೆ ಎಂದೇ ತಿಳಿಯಿರಿ.

ನೀವು ಬ್ಯಾಡಗಿಯಲ್ಲಿ ಕೆಮ್ಮನ್ನು ನಿಷೇಧಿಸಿದಿರಿ. ಆ ನಿಷೇಧಕ್ಕೆ ಹೆದರಿ ಒಬ್ಬ ಹೆಂಗಸು ಕೆಮ್ಮನ್ನು ಗಂಟಲಲ್ಲೇ ಅದುಮಿಕೊಂಡು ದುಡಿದು ಸತ್ತಳು. ಈಗ ಅವಳ ಮಗಳಿಗೆ ನೋಟಿಸು ಕಳಿಸಿದ್ದೀರಿ: ತಾಯಿಯ ರೋಗಲಕ್ಷಣವನ್ನು ಉದ್ದೇಶಪೂರ್ವಕವಾಗಿ ಮರೆಮಾಚಿ ಸಾರ್ವಜನಿಕರ ಜೀವಕ್ಕೆ ಅಪಾಯ ತಂದಿದ್ದೀರಿ, ಸೋಮವಾರದೊಳಗೆ ಲಿಖಿತ ಉತ್ತರ ಕೊಡದಿದ್ದರೆ ಪೊಲೀಸ್ ಪ್ರಕರಣ ದಾಖಲಿಸಲಾಗುವುದು. ಉತ್ತರ ಬೇಕಲ್ಲವೇ? ಆ ಹುಡುಗಿಯ ಪರವಾಗಿ ನಾನು ಕೊಡುತ್ತಿದ್ದೇನೆ. ಊರೆಲ್ಲ ಓದಲಿ ಎಂದೇ ಪತ್ರಿಕೆಯಲ್ಲಿ ಕೊಡುತ್ತಿದ್ದೇನೆ.

ಲಾಕ್‌ಡೌನ್ ಸಡಿಲಿಸಿ ಅಂಗಡಿ, ಮಳಿಗೆಗಳು ಬಾಗಿಲು ತೆರೆಯುವ ಹೊತ್ತಿಗೆ ನಿಮ್ಮ ಮಾರ್ಗಸೂಚಿ ಹೊರಬಂತು. ಜತೆಗೊಂದು ಬಣ್ಣದ ಭಿತ್ತಿಪತ್ರ. ಅದರಲ್ಲಿ ಟೈ ಕಟ್ಟಿದ ಗಂಡಸೊಬ್ಬ ಲ್ಯಾಪ್‌ಟಾಪಿನ ಮುಂದೆ ಕುಳಿತು ಮೊಣಕೈಯೊಳಗೆ ಮುಖ ಹುದುಗಿಸಿ ಸೀನುತ್ತಿದ್ದಾನೆ. ಅವನ ಪಕ್ಕದ ಕುರ್ಚಿಯ ಮೇಲೆ ಕೆಂಪು ಅಡ್ಡಗೀಟು. ಈ ಚಿತ್ರವನ್ನು ನಿಮ್ಮವರು ಎಲ್ಲಿ ಅಂಟಿಸಿದರು ಗೊತ್ತೇ? ಬ್ಯಾಡಗಿಯಲ್ಲಿ ಮೆಣಸಿನಕಾಯಿ ತುಂಬು ಬಿಡಿಸುವ ಒಂದು ಶೆಡ್ಡಿನ ಗೋಡೆಗೆ. ತುಂಬು ಎಂದರೆ ಕಾಯಿಯ ತೊಟ್ಟು. ಒಣಗಿದ ಕಾಯಿಯ ರಾಶಿಯ ಸುತ್ತ ಹೆಂಗಸರು ನೆಲದ ಮೇಲೆ ಕುಳಿತು ಬೆಳಗಿನಿಂದ ಸಂಜೆವರೆಗೆ ಒಂದೊಂದೇ ಕಾಯಿಯ ತೊಟ್ಟು ಕೀಳುತ್ತಾರೆ. ಅಡ್ಡಗೀಟು ಎಳೆಯಲು ಅಲ್ಲಿ ಕುರ್ಚಿಗಳಿಲ್ಲ. ಅಲ್ಲಿರುವುದು ಘಾಟು. ಕಣ್ಣಿಗೆ, ಮೂಗಿಗೆ, ಗಂಟಲಿಗೆ, ಉಟ್ಟ ಸೀರೆಯ ನೂಲಿಗೆ ಇಳಿದು ಕೂರುವ ಘಾಟು. ಸಂಜೆ ಮನೆಗೆ ಹೋದ ತಾಯಿ ಕೂಸನ್ನು ಎತ್ತಿಕೊಂಡರೆ ಕೂಸೂ ಸೀನುತ್ತದೆ.

ಅಂಥ ಗೋಡೆಯ ಮೇಲೆ ನೀವು ಬರೆಸಿದ ಮುಖ್ಯ ನಿಯಮ ಇದು: “ಕೆಮ್ಮು, ಸೀನು, ನೆಗಡಿ ಅಥವಾ ಮೈಬಿಸಿ ಇರುವ ಯಾರನ್ನೂ ಕೆಲಸದ ಸ್ಥಳದೊಳಗೆ ಬಿಡತಕ್ಕದ್ದಲ್ಲ. ತಪ್ಪಿದಲ್ಲಿ ಮಳಿಗೆಗೆ ಬೀಗ ಹಾಕಲಾಗುವುದು.”

ಬ್ಯಾಡಗಿಯಲ್ಲಿ ಕೆಮ್ಮದವರು ಯಾರು ಸ್ವಾಮಿ? ಹಮಾಲ ಕೆಮ್ಮುತ್ತಾನೆ, ದಲಾಲ ಕೆಮ್ಮುತ್ತಾನೆ, ಚಹಾದಂಗಡಿಯವನು ಕೆಮ್ಮುತ್ತಲೇ ಚಹಾ ಸೋಸುತ್ತಾನೆ, ಕಟ್ಟೆಯ ಕೆಳಗೆ ಮಲಗಿದ ನಾಯಿಯೂ ಸೀನಿ ಮಗ್ಗುಲು ಬದಲಿಸುತ್ತದೆ. ಈ ನಿಯಮವನ್ನು ನೆಟ್ಟಗೆ ಜಾರಿ ಮಾಡಿದ್ದರೆ ಪೇಟೆಯಲ್ಲಿ ಉಳಿಯುತ್ತಿದ್ದುದು ಗೋಡೆಯ ಮೇಲಿನ ಆ ಟೈ ಕಟ್ಟಿದ ಗಂಡಸು ಮಾತ್ರ. ಅವನೂ ಸೀನುತ್ತಿದ್ದಾನೆ, ಅವನನ್ನೂ ಹೊರಗೆ ಹಾಕಬೇಕಿತ್ತು. ಆದರೆ ನಿಯಮ ಜಾರಿಯಾದದ್ದು ಯಾರ ಮೇಲೆ? ದಲಾಲ ಕೆಮ್ಮಿದರೆ ಘಾಟು. ಕೂಲಿ ಹೆಂಗಸು ಕೆಮ್ಮಿದರೆ ಸೋಂಕು.

ನಿಮಗೆ ಮೊದಲೇ ಹೇಳಲಿಲ್ಲವೇ? ಹೇಳಿದ್ದೆವು. ಶೆಡ್ಡು ತೆರೆಯುವ ಮುಂಚೆ ನಮ್ಮ ಕೂಲಿ ಹೆಂಗಸರ ಸಂಘಟನೆಯಿಂದ ನಾವೊಂದಿಷ್ಟು ಜನ ನಿಮ್ಮ ಕಚೇರಿಗೆ ಬಂದಿದ್ದೆವು. ಶೆಡ್ಡಿನಲ್ಲಿ ಎಲ್ಲರಿಗಿಂತ ಹಿರಿಯಳಾದ ಫಕ್ಕೀರವ್ವ ಕೈ ಮುಗಿದು ಹೇಳಿದಳು: “ಸಾಹೇಬ್ರ, ಕೆಮ್ಮಿದಾಕಿನ್ನ ಹೊರಗ ಹಾಕೂ ಬದ್ಲಿ ನಮ್ಮನ್ನೆಲ್ಲಾರನೂ ಹೊರಗ ಕುಂದ್ರಸ್ರಿ. ಬಯಲಾಗ ತಾಡಪತ್ರಿ ಕಟ್ಟಿಸ್ರಿ, ನೆಳ್ಳ ಆಕ್ಕತಿ, ಗಾಳಿ ಆಡ್ತತಿ, ದೂರದೂರ ಕುಂತು ಬಿಡಸ್ತೀವಿ. ಕೆಮ್ಮ ಜಾಸ್ತಿ ಆದಾಕಿನ್ನ ತಪಾಸ ಮಾಡಸ್ರಿ, ಅವತ್ತಿನ ಪಗಾರ ಮಾತ್ರ ಮುರೀಬ್ಯಾಡ್ರಿ.” ನೀವು ಏನೆಂದಿರಿ ನೆನಪಿದೆಯೇ? ಬಯಲಲ್ಲಿ ಅಷ್ಟು ಹೆಂಗಸರು ಕುಳಿತರೆ ಗುಂಪು ಸೇರಿದಂತೆ ಕಾಣುತ್ತದೆ, ಮೇಲಿನವರಿಗೆ ಫೋಟೊ ಹೋದರೆ ಕಷ್ಟ ಎಂದಿರಿ. ಕಾಣುತ್ತದೆ! ಎಂಥ ಮುತ್ತಿನಂಥ ಮಾತು. ತಗಡಿನ ಶೆಡ್ಡಿನೊಳಗೆ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕುಳಿತರೆ ಕಾಣುವುದಿಲ್ಲ. ಕಾಣದ್ದು ಹರಡುವುದಿಲ್ಲ ಎಂದು ನಿಮಗೆ ಯಾವ ವೈದ್ಯರು ಹೇಳಿಕೊಟ್ಟರು?

ಶೆಡ್ಡು ತೆರೆಯಿತು. ಗೇಟಿನಲ್ಲಿ ಮನೋಹರ ಎಂಬ ಕಾವಲುಗಾರನ ಕೈಗೆ ಜ್ವರ ನೋಡುವ, ಪಿಸ್ತೂಲಿನ ಆಕಾರದ ಯಂತ್ರ ಕೊಟ್ಟು ನಿಲ್ಲಿಸಿದರು. ಅವನು ಅದನ್ನು ಹೆಂಗಸರ ಹಣೆಗೆ ಹಿಡಿದಾಗ ಮೊದಲ ದಿನ ಎಲ್ಲರಿಗೂ ನಗು.

“ಏ ಮನೋಹರಾ, ಅದ್ರಾಗ ಗುಂಡು ಅದಾವೇನೋ?”

“ಗುಂಡಿಲ್ಲಬೇ ಯವ್ವಾ. ಕೆಮ್ಮಿದ್ರ ನಿನ್ನ ಪಗಾರ ಹಾರಸ್ತೇನಿ, ಅಷ್ಟ.”

“ಗ್ವಾಡಿಗೆ ನೋಡ್ರೆ, ಕೈಲೆ ಮಾರಿ ಮುಟ್ಟಿಕೋಬ್ಯಾಡ್ರಿ ಅಂತ ಬರದಾರ. ಮೆಣಸಿನಕಾಯಿ ಕೈಲೆ ಮಾರಿ ಮುಟ್ಟಿಕೊಳ್ಳೂವಷ್ಟು ಸೊಕ್ಕು ಯಾರಿಗೆ ಬಂದೈತಬೇ?”

ಎರಡನೆಯ ದಿನ ನಗು ಕಡಿಮೆಯಾಯಿತು. ಊರಿಂದ ಬಿಸಿಲಲ್ಲಿ ನಡೆದು ಬಂದವರ ಹಣೆ ಕಾದಿರುತ್ತದೆ, ಯಂತ್ರ ಕೂಗುತ್ತದೆ, ನಡಿ ಮನೆಗೆ. ಸರತಿಯಲ್ಲಿ ನಿಂತಾಗ ಒಳಗಿನಿಂದ ಘಾಟು ಬೀಸಿ ಕೆಮ್ಮು ಬರುತ್ತದೆ, ನಡಿ ಮನೆಗೆ. ಅಂದಿನ ಪಗಾರವಿಲ್ಲ. ತಪಾಸಣೆಯೂ ಇಲ್ಲ. ಹೊರಗೆ ಹಾಕುವುದನ್ನು ಬರೆದ ನಿಮ್ಮ ಮಾರ್ಗಸೂಚಿಯಲ್ಲಿ, ಹೊರಗೆ ಹಾಕಿಸಿಕೊಂಡವಳು ಎಲ್ಲಿಗೆ ಹೋಗಬೇಕು, ಯಾರಿಗೆ ತೋರಿಸಬೇಕು, ಆ ದಿನ ಒಲೆಯ ಮೇಲೆ ಏನು ಇಡಬೇಕು ಎಂಬುದರ ಬಗ್ಗೆ ಒಂದು ಸಾಲೂ ಇರಲಿಲ್ಲ. ಹುಡುಕಿದ್ದೇನೆ. ಲಿಫ್ಟಿನಲ್ಲಿ ಎಷ್ಟು ಜನ ನಿಲ್ಲಬೇಕು ಎಂಬುದು ಮಾತ್ರ ಇತ್ತು. ಬ್ಯಾಡಗಿಯ ಶೆಡ್ಡಿಗೆ ಲಿಫ್ಟು!

ಒಂದು ವಾರ ಕಳೆಯುವುದರೊಳಗೆ ಹೆಂಗಸರು ನಿಮ್ಮ ನಿಯಮವನ್ನು ಕರಗತ ಮಾಡಿಕೊಂಡರು. ಗೇಟಿಗೆ ಬರುವ ಮುಂಚೆ ಸೆರಗು ತೋಯಿಸಿ ಹಣೆಗೆ ಒತ್ತಿಕೊಳ್ಳುವುದು. ದವಡೆಯಲ್ಲಿ ಒಣಕೊಬ್ಬರಿ, ಬೆಲ್ಲದ ಚೂರು ಇಟ್ಟುಕೊಂಡು ಗಂಟಲು ಹಸಿಯಾಗಿಟ್ಟುಕೊಳ್ಳುವುದು. ಒಬ್ಬಳಿಗೆ ಕೆಮ್ಮು ಒತ್ತರಿಸಿ ಬಂದರೆ ಹಿಂದಿನವಳು ಬೇಕೆಂದೇ ಜಗಳ ತೆಗೆದು ಕೂಗಾಡುವುದು. ಮನೋಹರನಿಗೆ ಗೊತ್ತಿತ್ತು. ಅವನು ಆ ಹೊತ್ತಿಗೆ ಸರಿಯಾಗಿ ರಸ್ತೆಯ ಕಡೆ ನೋಡುತ್ತಿದ್ದ. ಒಳಗಿನ ಮೇಸ್ತ್ರಿಗೆ ಗೊತ್ತಿತ್ತು. ಲಾರಿ ನಿಂತಿದೆ, ಮಾಲು ತುಂಬಬೇಕು. ಧಣಿಗೂ ಗೊತ್ತಿತ್ತು. ಗೊತ್ತಿಲ್ಲದವರು ನೀವೊಬ್ಬರೇ ಎಂದು ಹೇಳೋಣವೆಂದರೆ ಅದೂ ಸುಳ್ಳಾಗುತ್ತದೆ. ಯಾಕೆಂದರೆ ನೀವು ಪರಿಶೀಲನೆಗೆ ಬಂದಿರಿ.

ಅಂದು ನಾನೂ ಶೆಡ್ಡಿನಲ್ಲಿದ್ದೆ. ನೀವು ಬರುತ್ತೀರೆಂದು ರಸ್ತೆಯ ಕಡೆಯ ಬಾಗಿಲು ಮುಚ್ಚಿಸಿದ್ದರು, ಕಾರಿನಿಂದ ಇಳಿಯುವಾಗಲೇ ನಿಮಗೆ ಘಾಟು ಬಡಿಯಬಾರದಲ್ಲ. ಹೊರಗಿನ ಗಾಳಿಯೂ ಬಂದ್. ಕೊರಳಿಗೆ ಏಲಕ್ಕಿ ಹಾರ ಹಾಕಿಸಿಕೊಂಡು ಒಳಗೆ ಬಂದಿರಿ. ರಾಶಿಯ ಹತ್ತಿರ ನಿಂತು “ಅಂತರ ಕಾಪಾಡಿ, ಆರೋಗ್ಯ...” ಎಂದು ಶುರುಮಾಡಿದವರು ಆರೋಗ್ಯದಾಚೆ ಹೋಗಲಿಲ್ಲ. ಸೀನಿದಿರಿ. ಮತ್ತೆ ಸೀನಿದಿರಿ. ಕಣ್ಣು ಮೂಗು ಒರೆಸಿಕೊಳ್ಳುತ್ತ, ಕೆಮ್ಮುತ್ತ, ಹಾರದ ಏಲಕ್ಕಿ ಉದುರಿಸುತ್ತ ಬಾಗಿಲ ಕಡೆ ಓಡಿದಿರಿ. ರಾಶಿಯ ಹಿಂದಿನಿಂದ ದುರಗವ್ವ ಸಣ್ಣ ದನಿಯಲ್ಲಿ ಹೇಳಿದಳು: “ಮನೋಹರಾ, ಸಾಹೇಬ್ರ ಹಣಿಗೂ ಹಿಡಿಯೋ ನಿನ್ನ ಪಿಸ್ತೂಲು.” ಹೆಂಗಸರೆಲ್ಲ ಸೆರಗಿನೊಳಗೆ ನಕ್ಕರು. ಮರುದಿನ ಪತ್ರಿಕೆಯಲ್ಲಿ ಸುದ್ದಿ: ಮಾರ್ಗಸೂಚಿ ಪಾಲನೆಗೆ ಅಧಿಕಾರಿಗಳ ಮೆಚ್ಚುಗೆ.

ಮೆಣಸಿನಕಾಯಿಯ ಮುಂದೆ ಮನುಷ್ಯನ ಗಂಟಲು ಏನು ಮಾಡುತ್ತದೆ ಎಂದು ಅಂದು ನಿಮ್ಮ ಗಂಟಲಿಗೇ ಗೊತ್ತಾಯಿತು. ಆ ರಾತ್ರಿಯೇ ನಿಯಮ ತಿದ್ದಬಹುದಿತ್ತು. ನೀವು ಒರೆಸಿಕೊಂಡದ್ದು ಮೂಗನ್ನು ಮಾತ್ರ.

ನಿಮ್ಮನ್ನು ಕಂಡು ತಮಾಷೆ ಮಾಡಿದ ಆ ದುರಗವ್ವನೇ ಸತ್ತವಳು. ಕದರಮಂಡಲಗಿಯ ಕಡೆಯಿಂದ ಮಗಳು ಅರುಣಾಳನ್ನು ಕರೆದುಕೊಂಡು ಕೆಲಸಕ್ಕೆ ಬರುತ್ತಿದ್ದವಳು. ಶೆಡ್ಡಿನಲ್ಲಿ ಅವಳ ಕೆಮ್ಮು ಕೇಳಿಯೇ ದುರಗವ್ವ ಬಂದಳು ಎನ್ನುತ್ತಿದ್ದರು. ನಿಮ್ಮ ಪರಿಶೀಲನೆಯಾದ ಕೆಲವೇ ದಿನಕ್ಕೆ ಅವಳ ಕೆಮ್ಮು ಮನೆಯಲ್ಲೂ ನಿಲ್ಲದಾಯಿತು. ಮಗಳಿಗೆ ಅನುಮಾನ ಬಂದು ಕೇಳಿದ್ದಾಳೆ: “ಯವ್ವಾ, ಇದ್ಯಾಕೋ ಬ್ಯಾರೆ ಕೆಮ್ಮ ಇದ್ದಂಗ ಐತಲ್ಲಬೇ?” ತಾಯಿ ಬೈದಿದ್ದಾಳೆ: “ಕೆಮ್ಮಿನಾಗ ಬ್ಯಾರೇದು ಯಾವುದು ಇರ್ತತಿ, ಹುಚ್ಚಿ? ಈ ಸಲದ ಕಾಯಿ ಖಾರ ಭಾಳ ಐತಿ. ಕೊಬ್ಬರಿ ಕಟಗೊಂಡಿಯಿಲ್ಲೋ? ನಡಿ ಲಗೂನ.” ಬೇರೆ ಊರಿನಲ್ಲಾಗಿದ್ದರೆ ಕೆಮ್ಮಿಗೆ ಹೆದರಿ ಆಸ್ಪತ್ರೆಗೆ ಓಡುತ್ತಿದ್ದರು. ನಮ್ಮಲ್ಲಿ ಕೆಮ್ಮು ದಿನದ ದುಡಿಮೆಯ ಗುರುತು. ಆ ಕೆಮ್ಮಿನೊಳಗೆ ಸೋಂಕು ಬಂದು ಕುಳಿತರೆ ಗುರುತು ಹಿಡಿಯುವುದು ಹೇಗೆ? ತಪಾಸಣೆಯಿಂದ ಮಾತ್ರ. ಗೇಟಿನಲ್ಲಿ ನೀವು ಇಟ್ಟದ್ದು ತಪಾಸಣೆಯನ್ನೋ, ಬೆದರಿಕೆಯನ್ನೋ?

ಒಂದು ಮಧ್ಯಾಹ್ನ ದುರಗವ್ವ ಉಸಿರು ಸಿಗದೆ ಕಾಯಿಯ ರಾಶಿಯ ಮೇಲೆಯೇ ಒರಗಿದಳು. ಆಗಲೂ ಬಾಯಲ್ಲಿ ಕೊಬ್ಬರಿಯಿತ್ತು. ಹಾವೇರಿಯ ಆಸ್ಪತ್ರೆಯಲ್ಲಿ ನರ್ಸು ಕೇಳಿದಾಗ ಅರುಣಾ ಏನನ್ನೂ ಮುಚ್ಚಿಡಲಿಲ್ಲ. ತಾಯಿ ಬದುಕಲಿ ಎಂದು, ಹಣೆಗೆ ಒದ್ದೆ ಸೆರಗು ಒತ್ತಿದ್ದು, ಕೊಬ್ಬರಿ ಕೊಟ್ಟದ್ದು, ಎಲ್ಲ ಹೇಳಿದಳು. ತಾಯಿ ಬದುಕಲಿಲ್ಲ. ದೂರದಿಂದ ಒಂದು ಪ್ಲಾಸ್ಟಿಕ್ ಗಂಟು ತೋರಿಸಿದರು. ಅದರ ಒಳಗಿರುವವಳು ದುರಗವ್ವ ಎಂದು ಮಗಳು ನಂಬಬೇಕಾಯಿತು. ಇನ್ನೂ ಕೆಲವು ಹೆಂಗಸರಿಗೆ ಸೋಂಕು ತಗುಲಿದ್ದು ಗೊತ್ತಾದಾಗ ನೀವು ಪತ್ರಿಕೆಗಳಿಗೆ ಹೇಳಿಕೆ ಕೊಟ್ಟಿರಿ: “ಓರ್ವ ಕಾರ್ಮಿಕ ಮಹಿಳೆಯ ಬೇಜವಾಬ್ದಾರಿಯಿಂದ ಸೋಂಕು ಹರಡಿದೆ.” ಸತ್ತವಳ ಮೇಲೆ ಪ್ರಕರಣ ಹಾಕಲು ಬರುವುದಿಲ್ಲವಲ್ಲ, ಆಸ್ಪತ್ರೆಯಲ್ಲಿ ಹೇಳಿದ ಮಾತನ್ನೇ ಸಾಕ್ಷಿ ಮಾಡಿಕೊಂಡು ಮಗಳಿಗೆ ನೋಟಿಸು ಹೋಯಿತು.

ಮೊನ್ನೆ ಗುರುವಾರ ಅರುಣಾಳನ್ನು ಕರೆದುಕೊಂಡು ನಾನೇ ನಿಮ್ಮ ಕಚೇರಿಗೆ ಬಂದೆ. ಪ್ಲಾಸ್ಟಿಕ್ ಪರದೆಯ ಆಚೆ ನೀವು, ಈಚೆ ಅವಳು. ನಡೆದ ಮಾತು ನಿಮಗೆ ಮರೆತಿದ್ದರೆ ಇಲ್ಲಿದೆ.

“ನಿಮ್ಮ ತಾಯಿಗೆ ಕೆಮ್ಮು ಯಾವಾಗಿಂದ ಇತ್ತಮ್ಮ?”

“ನಾ ಹುಟ್ಟೂದಕ್ಕಿಂತ ಮದ್ಲಿಂದನ ಇತ್ತರಿ.”

“ತಮಾಷೆ ಮಾಡ್ಬೇಡ. ಕೆಮ್ಮಿದ್ರೆ ಕೆಲಸಕ್ಕೆ ಬರಬಾರದು ಅಂತ ಗೋಡೆ ಮೇಲೆ ಹಾಕಿಸಿದ್ವಲ್ಲ, ಓದೋಕೆ ಬರಲ್ವಾ?”

“ಬರ್ತತ್ರಿ. ಓದೇನ್ರಿ. ಓದಿದ್ದಕ್ಕ ಕೊಬ್ಬರಿ ಕೊಟ್ಟೇನ್ರಿ.”

ಇಷ್ಟು ನೇರವಾದ ಮಾತನ್ನು ನಿಮ್ಮ ಕಚೇರಿಯ ಗೋಡೆಗಳು ಈವರೆಗೆ ಕೇಳಿರಲಾರವು. ಓದಿದ್ದಕ್ಕೇ ಮುಚ್ಚಿಟ್ಟಳು. ನಿಮ್ಮ ನಿಯಮ ಅವಳಿಗೆ ಕಲಿಸಿದ್ದೇ ಅದನ್ನು. ನೀವು ಕೇಳಿಸಿಕೊಂಡಿರಾ? ಪಕ್ಕದ ಗುಮಾಸ್ತನ ಕಡೆ ತಿರುಗಿ, “ಬರ್ಕೊಳ್ಳಿ, ಒಪ್ಕೊಂಡಿದಾಳೆ,” ಎಂದಿರಿ. ತಾಯಿಯನ್ನು ಕಳೆದುಕೊಂಡ ಹುಡುಗಿ ನಿಮ್ಮೆದುರು ಅಳಲಿಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತು ಕೇಳಿದಳು: “ಅಕ್ಕಾರ, ನಾ ಖರೇ ಹೇಳಬಾರದಿತ್ತೇನ್ರಿ?” ಆ ಪ್ರಶ್ನೆಯನ್ನು ನಿಮಗೇ ಒಪ್ಪಿಸುತ್ತಿದ್ದೇನೆ. ಉತ್ತರ ನಿಮ್ಮಲ್ಲಿದೆಯೇ?

ಮುಚ್ಚಿಟ್ಟವರ ಮೇಲೆಯೇ ಪ್ರಕರಣವೆನ್ನುವುದಾದರೆ ಲೆಕ್ಕ ಸರಿಯಾಗಿರಲಿ. ರಸ್ತೆ ನೋಡುತ್ತ ನಿಂತ ಮನೋಹರನನ್ನು ಬಿಡಿ, ಅವನಿಗೂ ಹೊಟ್ಟೆಯಿದೆ. ಲಾರಿ ತುಂಬಿಸಲು ಅವಸರ ಮಾಡಿದ ಧಣಿಗೆ ನೋಟಿಸು ಹೋಯಿತೇ? ತಪ್ಪಿದಲ್ಲಿ ಬೀಗ ಎಂದು ಬರೆದಿದ್ದಿರಲ್ಲ, ಆ ಬೀಗ ಎಲ್ಲಿ ಕಳೆದುಹೋಯಿತು? ಬಯಲಲ್ಲಿ ಕೂರಿಸಿ ಎಂಬ ಬೇಡಿಕೆಯನ್ನು ಫೋಟೊಗೆ ಹೆದರಿ ತಿರಸ್ಕರಿಸಿದವರಿಗೆ ಯಾವ ಕಲಮು? ಶೆಡ್ಡಿನೊಳಗೆ ಸೀನಿ, ಕೆಮ್ಮಿ, ಅಲ್ಲಿಂದ ನೆಟ್ಟಗೆ ಕಾರು ಹತ್ತಿ ಮುಂದಿನ ಸಭೆಗೆ ಹೋದವರ ಹಣೆಗೆ ಯಂತ್ರ ಹಿಡಿದವರು ಯಾರು? ಇಡೀ ಪೇಟೆ ಸೇರಿ ಆಡಿದ ಸುಳ್ಳಿನಲ್ಲಿ ನಿಜ ಹೇಳಿದ್ದು ಒಬ್ಬಳೇ ಹುಡುಗಿ, ಶಿಕ್ಷೆಗೆ ಆರಿಸಿಕೊಂಡದ್ದೂ ಅವಳನ್ನೇ. ಇದರ ಪರಿಣಾಮವನ್ನಾದರೂ ಯೋಚಿಸಿದ್ದೀರಾ? ಇನ್ನು ಮುಂದೆ ಯಾವ ಹೆಂಗಸು ಯಾವ ನರ್ಸಿನ ಮುಂದೆ ಬಾಯಿ ಬಿಟ್ಟಾಳು? ಮುಂದಿನ ದುರಗವ್ವನನ್ನು ನೀವು ಈಗಲೇ ತಯಾರು ಮಾಡುತ್ತಿದ್ದೀರಿ. ಅವಳು ಇಂದೂ ಯಾವುದೋ ಗೇಟಿನ ಸರತಿಯಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದಾಳೆ.

ಆದ್ದರಿಂದ ಕೇಳಿಕೊಳ್ಳುತ್ತಿಲ್ಲ, ಹೇಳುತ್ತಿದ್ದೇನೆ. ಅರುಣಾಳ ಮೇಲಿನ ನೋಟಿಸನ್ನು ಹಿಂದಕ್ಕೆ ಪಡೆಯಿರಿ. ದುರಗವ್ವನ ಬೇಜವಾಬ್ದಾರಿ ಎಂದು ಯಾವ ಪತ್ರಿಕೆಗಳಿಗೆ ಹೇಳಿದಿರೋ ಅದೇ ಪತ್ರಿಕೆಗಳಲ್ಲಿ ಆ ಮಾತು ತಪ್ಪೆಂದು ಹೇಳಿರಿ. ಕೆಮ್ಮಿದವಳಿಗೆ ಅಂದೇ ತಪಾಸಣೆ, ಅಂದಿನ ಪಗಾರ, ಕೆಲಸಕ್ಕೆ ಬಯಲು ನೆರಳು, ಇಷ್ಟನ್ನು ನಿಮ್ಮ ಮಾರ್ಗಸೂಚಿಯಲ್ಲಿ ಬರೆಯಿರಿ. ಜಾಗ ಸಾಲದಿದ್ದರೆ ಲಿಫ್ಟಿನ ಸಾಲುಗಳನ್ನು ಹೊಡೆದು ಹಾಕಿ.

ಇಲ್ಲವೆಂದರೆ ಸೋಮವಾರ ಅರುಣಾ ಒಬ್ಬಳೇ ಬರುವುದಿಲ್ಲ. ಶೆಡ್ಡಿನಲ್ಲಿ ನಡೆದಾಡುವ ಶಕ್ತಿಯಿರುವ ಎಲ್ಲ ಹೆಂಗಸರೂ ಬರುತ್ತಾರೆ. ನಾನೂ ಹಣೆಗೆ ನೀರು ಒತ್ತಿಕೊಂಡಿದ್ದೆ, ನಾನೂ ಕೆಮ್ಮು ನುಂಗಿದ್ದೆ, ನನ್ನ ಮೇಲೂ ಪ್ರಕರಣ ಹಾಕಿ ಎಂದು ಒಬ್ಬೊಬ್ಬರೇ ಹೇಳುತ್ತಾರೆ. ಫಕ್ಕೀರವ್ವ ಮೊದಲನೆಯವಳು. “ನನ್ನ ಹೆಸರು ದೊಡ್ಡದಾಗಿ ಬರೀರಿ ಅಂತ ಹೇಳ್ರಿ ಅಕ್ಕಾರ, ರೇಶನ್ ಕಾರ್ಡಿನ್ಯಾಗ ತಪ್ಪು ಬರದಾರ, ಇಲ್ಲ್ಯಾರ ಬರೋಬ್ಬರಿ ಬರೀಲಿ,” ಎಂದಿದ್ದಾಳೆ. ನಿಮ್ಮ ಬಾಗಿಲಿನ ಮೇಲೂ ಕೆಮ್ಮುವವರಿಗೆ ಪ್ರವೇಶವಿಲ್ಲ ಎಂದು ಬರೆಸಿದ್ದೀರಿ. ಹೆದರಬೇಡಿ, ನಾವು ಆ ನಿಯಮ ಮುರಿಯುವುದಿಲ್ಲ. ಒಳಗೆ ಕಾಲಿಡುವುದಿಲ್ಲ. ಮುಖಕ್ಕೆ ಸೆರಗು ಬಿಗಿದು, ಮೆಟ್ಟಿಲ ಕೆಳಗೆ, ಬಯಲಿನಲ್ಲಿ, ದೂರದೂರ ಕುಳಿತಿರುತ್ತೇವೆ. ಯಾರ ಬಾಯಲ್ಲೂ ಕೊಬ್ಬರಿ ಇರುವುದಿಲ್ಲ. ಹೊರಗೆ ಬರಬೇಕಾದವರು ನೀವು.

ಇಂತಿ,
ಈ ಪತ್ರ ಬರೆಯುವಾಗಲೂ ಕೆಮ್ಮಿದ್ದೇನೆಂದು ಮುಂಚಿತವಾಗಿಯೇ ಒಪ್ಪಿಕೊಂಡಿರುವ, ಬರೆದುಕೊಳ್ಳಿ,
ಸುಧಾರಾಣಿ
ರಾಣೆಬೆನ್ನೂರು