ಭಾನುವಾರದ ತರಗತಿಯಲ್ಲಿ ಕುದುರೆ

ಇಫ್ರೇಮ್, ಯೂಟಾ
ಮಾರ್ಚ್ 9, 1987, ಸೋಮವಾರ

ಮುದ್ದಿನ ಮಾರೆನ್,

ಹೊಟ್ಟೆನೋವು ಹೇಗಿದೆ ಮಗಳೇ? ಪೆರುವಿನ ನೀರನ್ನು ಕುದಿಸದೆ ಕುಡಿಯಬೇಡ ಅಂತ ಹೇಳಿ ಹೇಳಿ ನನಗೇ ಸಾಕಾಯಿತು. ನಿನ್ನ ಜೊತೆ ಧರ್ಮಪ್ರಚಾರದ ಸೇವೆಗೆ ಬಂದಿರುವ ಹುಡುಗಿಗೂ ನನ್ನ ಪ್ರೀತಿ ತಿಳಿಸು. ನಾವಿಲ್ಲಿ ಚೆನ್ನಾಗಿದ್ದೇವೆ ಅಂತ ಬರೆಯಬೇಕು. ಎರಡು ಸಲ ಬರೆದು ಹೊಡೆದುಹಾಕಿದೆ.

ನಿನ್ನಪ್ಪ ಚರ್ಚಿನಲ್ಲಿ ಹನ್ನೊಂದು ವರ್ಷದಿಂದ ನಡೆಸುತ್ತಿದ್ದ ದೊಡ್ಡವರ ತರಗತಿ ಅವರ ಕೈತಪ್ಪಿತು. ಎಲ್ಲ ಒಂದು ಕುದುರೆಯ ದೆಸೆಯಿಂದ. ಹಿಂದಿನ ಕಾಲದಲ್ಲಿ ಈ ಅಮೆರಿಕದ ನೆಲದ ಜನ ಕುದುರೆ ಸಾಕಿದ್ದರು ಅಂತ ನಮ್ಮ ಗ್ರಂಥದಲ್ಲಿ ಬರುತ್ತದಲ್ಲ, ಅದನ್ನು ಓದುವಾಗ ಶಾಲೆಯಲ್ಲಿ ಮೇಷ್ಟ್ರಾಗಿದ್ದ ಬ್ರದರ್ ಓಲ್ಡ್‌ರಾಯ್ಡ್ ಎದ್ದುನಿಂತರು. ಬಿಳಿಯರು ಹಡಗಿನಲ್ಲಿ ತರುವ ತನಕ ಇಲ್ಲಿ ಕುದುರೆಯೇ ಇರಲಿಲ್ಲವಂತೆ. ಗ್ರಂಥವನ್ನು ಇಂಗ್ಲಿಷಿಗೆ ಅನುವಾದ ಮಾಡುವಾಗ ಜಿಂಕೆಗೋ ಇನ್ಯಾವುದೋ ಕಾಡುಪ್ರಾಣಿಗೋ ಪ್ರವಾದಿಗಳು ತಮಗೆ ಗೊತ್ತಿದ್ದ ಹೆಸರಿಟ್ಟಿರಬೇಕು ಅಂದರು. ಸಿಸ್ಟರ್ ಲರೂ ಸುಮ್ಮನಿರುತ್ತಾರೆಯೇ? "ಇವತ್ತು ಕುದುರೆ ಅಂದ್ರೆ ಜಿಂಕೆ ಅಂತೀರಿ, ನಾಳೆ ಕತ್ತಿ ಅಂದ್ರೆ ದೊಣ್ಣೆ ಅಂತೀರಿ. ನಾಡಿದ್ದು ದೇವ್ರು ಅಂದ್ರೆ ಏನಂತೀರೋ" ಎಂದು ಚುಚ್ಚಿದರು. ಅಪ್ಪ ಆ ಗ್ರಂಥ ಮೊದಲು ಅಚ್ಚಾದ ಕಾಲದ್ದೇ ಒಂದು ಹಳೆಯ ನಿಘಂಟು ತಂದು, ಆಗ ಯಾವ ಪದಕ್ಕೆ ಏನರ್ಥವಿತ್ತು ನೋಡೋಣ ಅಂತ ಮೂರು ವಾರ ಎಳೆದರು. ಅದರಲ್ಲೂ ಕುದುರೆ ಕುದುರೆಯೇ. ಕೊನೆಗೆ ಎಲ್ಲರೂ, ಮೂವತ್ತು ವರ್ಷ ಲಾಳ ಹೊಡೆದವರು ನೀವೇ ತೀರ್ಮಾನ ಹೇಳಿ ಅಂದರು. ಅಪ್ಪ ಅಂದದ್ದಿಷ್ಟೇ: "ನಂಗೊತ್ತಿಲ್ಲ."

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಉಪವಾಸದ ಭಾನುವಾರ ಎಲ್ಲರೂ ಎದ್ದು ಈ ಗ್ರಂಥ ಸತ್ಯವೆಂದು ನನಗೆ ಗೊತ್ತು ಅಂತ ಸಾಕ್ಷಿ ಹೇಳುವಾಗ, ಈ ಮಹಾರಾಯರು ಗೊತ್ತು ಅನ್ನುವ ಬದಲು ಸತ್ಯವೆಂದು ನಂಬಿಕೊಂಡಿದ್ದೇನೆ ಅಂದುಬಿಟ್ಟರು. ಇಡೀ ಸಭೆ ಕೆಮ್ಮಿತು. ನಿನ್ನೆ ಬಿಷಪ್ ಅಪ್ಪನನ್ನು ತರಗತಿಯಿಂದ ಬಿಡುಗಡೆ ಮಾಡಿ, ಇಷ್ಟು ವರ್ಷದ ಸೇವೆಗೆ ವಂದನೆ ಹೇಳುವವರೆಲ್ಲ ಕೈಯೆತ್ತಿ ಅಂದರು. ಅಭ್ಯಾಸಬಲ ನೋಡು, ಎಲ್ಲರಿಗಿಂತ ಮೊದಲು ನನ್ನ ಕೈ ಮೇಲೆ ಹೋಯಿತು. ಪಕ್ಕದಲ್ಲೇ ಅಪ್ಪ ಬೂಟು ನೋಡುತ್ತಾ ಕೂತಿದ್ದರು. ಕಾರಿನಲ್ಲಿ, "ನಿನ್ನ ಕೈ ಚೆನ್ನಾಗೇ ಏಳುತ್ತೆ ಬಿಡು" ಅಂದರು. ಇವತ್ತು ಬೆಳಗ್ಗಿನಿಂದ ಒಂದೇ ಕುದುರೆಯ ಗೊರಸು ತೇಯುತ್ತಾ ಲಾಯದಲ್ಲಿದ್ದಾರೆ. ನಾನು ಒಳಗೂ ಹೊರಗೂ ಓಡಾಡುತ್ತಾ ಎರಡು ಬ್ರೆಡ್ ಸೀಯಿಸಿದೆ.

ದೇವರು ನಿನ್ನನ್ನು ಕಾಯಲಿ. ಬೂಟು ಸವೆದಿದ್ದರೆ ಮುಚ್ಚಿಡದೆ ಬರೆ.

ನಿನ್ನ ಅಮ್ಮ,
ವರ್ಲಾ

ಇನ್ನೊಂದು ಮಾತು. ಆ ತರಗತಿಯನ್ನು ಬಿಷಪ್ ನನಗೇ ವಹಿಸುತ್ತಾರಂತೆ. ಹ್ಞೂಂ ಅಂದುಬಿಟ್ಟೆ. ಅಪ್ಪನಿಗೆ ಹೇಳಿಲ್ಲ. ಬರುವ ಭಾನುವಾರ ಒಪ್ಪಿಗೆ ಇದ್ದವರು ಕೈಯೆತ್ತಿ ಅಂದಾಗ ಅವರ ಕೈ ಏಳದಿದ್ದರೆ? ಈಗ ಲಕೋಟೆಗೆಂದು ನನ್ನ ಚರ್ಚಿನ ಚೀಲ ತಡಕಿದರೆ ಆ ಹಳೆಯ ನಿಘಂಟು ಸಿಕ್ಕಿತು. ಕುದುರೆಯ ಪುಟದಲ್ಲಿ ಗುರುತಿಗೆ ಲಾಳದ ಮೊಳೆ ಇಟ್ಟಿದೆ. ಹೇಗೆ ತಿಳಿಯಿತೋ ಅವರಿಗೆ! ಹರಸಿ ಇಟ್ಟರೋ, ಮುನಿದು ಇಟ್ಟರೋ? ನಂಗೊತ್ತಿಲ್ಲ ಮಗಳೇ. ಅಯ್ಯೋ, ನಾನೂ ಅದನ್ನೇ ಬರೆದುಬಿಟ್ಟೆ ನೋಡು.