ಮಂಚ ಮ್ಯಾಲ ಹೋಗೈತಿ

ರೀ, ಹಟ್ಟಿ ಗಣಿಯಿಂದ ರಾತ್ರಿ ಡ್ಯೂಟಿ ಮುಗಿಸಿ ಬಂದು ಮಂಚ ಕಾಣಲಿಲ್ಲಂತ ಗಾಬರಿ ಆಗಬ್ಯಾಡ್ರಿ. ಬಾಜೂಮನಿ ಯಮನೂರ ಅದನ್ನ ಮ್ಯಾಲಿನ ಸಣ್ಣ ರೂಮಿಗೆ ಏರಿಸಿ ಕೊಟ್ಟಾನ.

ನಿನ್ನೆ ಪುರಸಭೆ ಸಾಹೇಬ್ರು ನನ್ನ ಟ್ಯೂಷನ್ ನೋಡಾಕ ಬಂದಿದ್ರು. ದೊಡ್ಡ ಹುಡುಗರು ಲೆಕ್ಕ ಮಾಡಾಕತ್ತಿದ್ರು. ಕೂಲಿಗೆ ಹೋಗೋ ರೇಣುಕಮ್ಮನ ಸಣ್ಣ ಮಗಳಿಗೆ, "ನೀ ಇಲ್ಲಿ ಏನ್ ಕಲೀತಿಯವ್ವಾ?" ಅಂತ ಕೇಳಿದ್ರು.

"ಉಂಡು ಮಕ್ಕೊಳ್ಳೋದು" ಅಂದ್ಳು.

ಇನ್ನ ಬಂದ್ ಮಾಡಿಸ್ತಾರ, ಇವ್ರ ತಾಯಂದಿರು ಕೂಲಿ ಬಿಡಬೇಕಾಕ್ಕೈತಿ ಅಂತ ತಿಳ್ಕೊಂಡೆ. ಸಾಹೇಬ್ರು ನಕ್ರು. "ಉಂಡು ಮಲಗೋ ಕೂಸುಗಳಿದ್ರ ಅದು ಟ್ಯೂಷನ್ ಅಲ್ರೀ, ಶಿಶುಪಾಲನಾ ಕೇಂದ್ರ. ಅದನ್ನ ಕೆಳಗ ಮಾಡ್ರಿ, ಟ್ಯೂಷನ್ ಮ್ಯಾಲಿನ ದೊಡ್ಡ ರೂಮಿನ್ಯಾಗ ಇರ್ಲಿ. ಎರಡಕ್ಕೂ ಬ್ಯಾರೆ ಬ್ಯಾರೆ ಅರ್ಜಿ ಕೊಡ್ರಿ" ಅಂದ್ರು.

ಅದಕ್ಕ ನಿಮ್ಮನ್ನ ಕೇಳದ ಮಂಚ ಎತ್ತಿಸಿದೆ, ಸಿಟ್ಟಾಗಬ್ಯಾಡ್ರಿ. ಈಗ ಅರ್ಜಿ ಕೊಡಾಕ ಹೊಂಟೀನಿ, ಖುಷಿಗೆ ಕೈಕಾಲು ಒಂದ್ ಕಡೆ ನಿಲ್ಲವಲ್ಲವು. ರೊಟ್ಟಿ, ಪುಂಡಿಪಲ್ಯ ಮುಚ್ಚಿಟ್ಟೀನಿ. ಕೆಳಗ ನಿಮ್ಮವ್ವಾರು ಕೂಸುಗಳನ್ನ ಮಲಗಿಸ್ಯಾರ, ಸಪ್ಪಳ ಮಾಡದ ಮ್ಯಾಲ ಹೋಗ್ರಿ.

ಇಷ್ಟು ವರ್ಷ ಮಂದಿ ನನಗ 'ಹುಡುಗರನ್ನ ಹಿಡ್ಕೊಂಡು ಕುಂದ್ರತಾಳ' ಅಂತಿದ್ರು. ಇನ್ನ ಬೋರ್ಡ್ ಹಾಕಬೇಕ್ರಿ. ಹೆಸರು ನೀವ ಹೇಳಬೇಕು, ಆದ್ರ ಮೊದಲು ನಿದ್ದಿ ಮಾಡ್ರಿ.

ಜಯಶ್ರೀ