ಜುಲಿಯಾನಾಳ ಮದುವೆಯ ಡ್ರಮ್ಮು

೪ ಮೇ ೧೯೮೧, ಸಂಜೆ

ಇವತ್ತೂ ಗೋದಾಮಿನಲ್ಲಿ ಹದಿನಾರು ಡ್ರಮ್ಮು ಇಳಿಸಿದೆ. ಮೆಕ್ಕೆಜೋಳದ ಹುಳಕ್ಕೆ ಹೊಡೆಯುವ ಔಷಧ, ಟಿಬೆಟನ್ ಕಾಲೊನಿಗೆ ಹೋಗುವುದು. ಕಣ್ಣು ಉರಿ. ಆದರೆ ಖಾಲಿಯಾದ ಡ್ರಮ್ಮು ಮನೆಗೆ ಒಯ್ಯುವ ಪಾಳಿ ಈ ಸಲ ನನ್ನದು! ಮ್ಯಾನೇಜರ್ ಬಸಲಿಂಗಯ್ಯ ಕೊಡುವ ಬೋನಸ್ಸೆಂದರೆ ಇದೊಂದೇ. ತಂಗಿ ಜುಲಿಯಾನಾಳ ಮದುವೆಗೆ ನೀರು ತುಂಬಲು ಆಯಿತು. ನೀಲಿ. ಥಳಥಳ.

೫ ಮೇ, ಇಂದೂರ, ನಮ್ಮ ಮನೆ

ಬೂದಿ, ಹುಣಸೆಹಣ್ಣು, ಮರಳು. ಮೂರು ಸಲ ತಿಕ್ಕಿದೆ. ವಾಸನೆಯೇ ಇಲ್ಲ. ಮದುವೆಮನೆಯಲ್ಲಿ ತಲೆಬುರುಡೆ ಚಿತ್ರ ಬೇಡವೆಂದಳು ಅವ್ವ. ಡ್ರಮ್ಮಿಗೆ ಅಂಟಿಸಿದ್ದ ಚೀಟಿ ಪೂರ್ತಿ ಕೆರೆದೆ. ಸುಣ್ಣದಲ್ಲಿ ಶಿಲುಬೆ ಬರೆದೆ. ಜುಜೆ ಮಾವ ಹಳಿಯಾಳದ ಎಣ್ಣೆ ಗಿರಣಿಯಿಂದ ಇನ್ನೆರಡು ತಂದ, ಅವೂ ನೀಲಿ. ಅವಕ್ಕೂ ಶಿಲುಬೆ. ಮಸ್ತ್!

೧೯ ಮೇ, ಹನ್ನೆರಡು ಗಂಟೆ, ಗೋದಾಮು

ಲಾರಿ ಮೆಕ್ಯಾನಿಕ್ ಹುಸೇನಸಾಬನ ಎರಡು ಆಡು ಸತ್ತವು. ಹೋದ ಪಾಳಿಯಲ್ಲಿ ಸಿಕ್ಕ ಡ್ರಮ್ಮು ಕೊಯ್ದು ಅವಕ್ಕೆ ನೀರಿಡುವ ಬಾನಿ ಮಾಡಿದ್ದ. ಅವನೇ ಬಂದು ನನಗೆ ಹೇಳಿದ:

"ತೊಳದ್ರ ಹೋಗೂದಲ್ಲೋ ಸೋಮಾ. ತೂತ ಹೊಡದು ಹೂಳಬೇಕಂತ. ಚೀಟಿ ಮ್ಯಾಲೆ ಬರದೈತಿ. ನಾವ ಅದನ್ನ ಮೊದಲ ಕೆರೀತೇವಿ."

ಬಸಲಿಂಗಯ್ಯನನ್ನು ಕೇಳಿದೆ. ಗೊತ್ತಂತೆ ಅವನಿಗೆ! "ಹೂತರ ನಿಮಗ ಕೊಡೂದೇನು?" ಅಂದ. ನಗುತ್ತ.

ನಾಳೆ ಮದುವೆ. ಬೆಳಿಗ್ಗೆಯೇ ಡ್ರಮ್ಮಿಗೆ ನೀರು ತುಂಬಿದ್ದಾರೆ... ಸೈಕಲ್ ತೆಗೆದೆ.

ಅದೇ ದಿನ, ಆರು ಗಂಟೆ

ಆ ನೀರು ಇನ್ನೂ ಯಾರೂ ಕುಡಿದಿರಲಿಲ್ಲ. ಒಲೆ ಮಾತ್ರ ಹಚ್ಚಿದ್ದರು. ಮೂರೂ ತುಂಬಿದ ಡ್ರಮ್ಮು, ಮೂರೂ ನೀಲಿ, ಮೂರಕ್ಕೂ ಶಿಲುಬೆ. ನನ್ನದು ಯಾವುದು? ಅವ್ವ ಎಡದ್ದು ಅಂದಳು, ಮಾವ ನಡುವಿನದು ಅಂದ. ಚೀಟಿ ಕೆರೆದವನು ನಾನೇ. ಥೂ!

ವಿಷದ ನೀರು ಹರಿದು ಇಂಗಲೆಂದು ಬಾವಿಯಿಂದ ದೂರ, ಇಳಿಜಾರಿಗೆ ಗುಂಡಿ ತೋಡಿ ಕಾಲುವೆ ಎಳೆದೆ. ಪಿಕಾಸಿ ಎತ್ತಿದೆ. ಮಾವ ಕೈ ಹಿಡಿದ. ಇನ್ನೂರು ಜನರ ಊಟ, ಬಾವಿಯ ತಳ ಕಾಣುತ್ತಿದೆ, ಹುಚ್ಚು ಹಿಡಿಯಿತೇ ಎಂದು ಬೈದ.

ಮುಖದ ತುಂಬ ಮದುವೆ ಮುನ್ನಾದಿನದ ಶಾಸ್ತ್ರದ ತೆಂಗಿನಹಾಲು ಹಚ್ಚಿಕೊಂಡೇ ಜುಲಿಯಾನಾ ಹೊರಗೆ ಬಂದಳು.

"ಮೂರೂ ಹೊಡಿ ಅಣ್ಣಾ. ಹಳ್ಳದಿಂದ ನೀರ ನಾನ ಹೊರ್ತೇನಿ."

ಹೊಡೆದೆ. ಧಡ್! ಧಡ್! ಧಡ್! ಮದುಮಗಳು ಕೊಡ ಎತ್ತಿ ಹೊರಟೇಬಿಟ್ಟಳು. ಹಿಂದೆ ಓಣಿಯ ಹೆಂಗಸರೆಲ್ಲ ಸಾಲಾಗಿ. ಕೊನೆಗೆ ಮಾವನೂ!

೨೧ ಮೇ, ಬೆಳಿಗ್ಗೆ ಎಂಟು, ಗೋದಾಮಿನ ಎದುರು

ಮದುವೆ ಜೋರಾಯಿತು. ಉಂಗುರ ಹಾಕುವಾಗ ಅವಳ ಅಂಗೈಯಲ್ಲಿ ಬೊಬ್ಬೆ.

ಒಳಗೆ ಆರು ಖಾಲಿ ಡ್ರಮ್ಮು. ಮುಂದಿನ ಪಾಳಿ ನಮ್ಮ ಜೊತೆ ಕೆಲಸ ಮಾಡುವ ದುರ್ಗವ್ವನದು, ಬೇಡ ಅಂದಿದ್ದಾಳೆ. ಹಿತ್ತಲಲ್ಲಿ ಹುಸೇನಸಾಬ ಗುಂಡಿ ತೋಡುತ್ತಿದ್ದಾನೆ. ಪಿಕಾಸಿ ನನ್ನ ಸೈಕಲ್ಲಿನಲ್ಲಿ. ಕೆಲಸ ಹೋದರೆ ಹೋಗಲಿ, ಆರಕ್ಕೂ ತೂತು ಹೊಡೆಯುವುದೇ. ಬಸಲಿಂಗಯ್ಯನ ಸ್ಕೂಟರ್ ಸದ್ದು... ಬಂದ. ಬೀಗ ತೆಗೆಯುತ್ತಿದ್ದಾನೆ. ನಾನು ಪಿಕಾಸಿ ಹಿಡಿದು ಹೊರಟೆ.